ಪ್ಲಾಟ್‌ಫಾರ್ಮ್ ಪೊಲೀಸ್‌ಗೆ ಸಂಬಳ ಯಾರು ಕೊಡಬೇಕು? ಥಾಣೆ–ಕಲ್ಯಾಣ್ ಲೈನಿನ ಹಳೇ ಜಗಳ

ಈ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನು ಇಲ್ಲಿ ಸೇರಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಶಿಫ್ಟ್ ಮುಗಿಸಿ ರಾತ್ರಿ ಮನೆಗೆ ಹೋಗುವಾಗ ಲೋಕಲ್‌ನಲ್ಲಿ ನನ್ನ ಫೋನ್ ಹೋಯ್ತು. ಯಾವ ಸ್ಟೇಷನ್ ಅಂತ ಹೇಳಲ್ಲ, ಅದು ಮುಖ್ಯ ಅಲ್ಲ. ಇಳಿದ ತಕ್ಷಣ ಕಂಡ ಖಾಕಿಯವರ ಹತ್ತಿರ ಓಡಿದೆ. ‘ಇದು ನಮ್ಮ ಕೆಲಸ ಅಲ್ಲ, ಆ ಕಡೆ ಆಫೀಸಿಗೆ ಹೋಗಿ’ ಅಂದ್ರು. ಆ ಕಡೆಯವರು ‘ಯಾವ ಎರಡು ಸ್ಟೇಷನ್ ನಡುವೆ ಹೋಯ್ತು?’ ಅಂತ ಕೇಳಿದರು. ಹೇಳಿದೆ. ‘ಹಾಗಾದ್ರೆ ಅದು ನಮ್ಮ ಹದ್ದು ಅಲ್ಲ’ ಅಂದ್ರು. ಸೇತುವೆ ಇಳಿದು ಹೊರಗೆ ಬಂದರೆ ಆಟೋ ಸ್ಟ್ಯಾಂಡ್ ಹತ್ತಿರ ಮೂರನೇ ಖಾಕಿ. ಅವರಿಗೂ ರೈಲಿಗೂ ಸಂಬಂಧವೇ ಇಲ್ಲ.

ಅವತ್ತು ಸಿಟ್ಟು ಬಂದಿತ್ತು. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಆ ಮೂರು ಖಾಕಿಗಳ ಕಥೆಗೆ ಸುಮಾರು ನೂರೈವತ್ತು ವರ್ಷ ವಯಸ್ಸು. ಅದರ ಬೇರು ಇರೋದು ಒಂದೇ ಪ್ರಶ್ನೆಯಲ್ಲಿ: ದುಡ್ಡು ಯಾರದ್ದು?

ಶುರುವಿನಿಂದ ಬರೋಣ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ಯಾಸೆಂಜರ್ ರೈಲು ಓಡಿತು. 34 ಕಿಲೋಮೀಟರ್, 14 ಬೋಗಿ, ಸುಮಾರು 400 ಜನ ಅತಿಥಿಗಳು. ಮರುವರ್ಷ ಹಳಿ ಖಾಡಿ ದಾಟಿ ಕಲ್ಯಾಣ್ ತಲುಪಿತು. 1860ರ ದಶಕದಲ್ಲಿ ಭೋರ್ ಘಾಟ್, ಥಲ್ ಘಾಟ್ ಎರಡೂ ತೆರೆದ ಮೇಲೆ ಕಲ್ಯಾಣ್ ದೊಡ್ಡ ಜಂಕ್ಷನ್ ಆಯ್ತು. ಒಂದು ದಾರಿ ಕಸಾರಾ ಕಡೆ, ಇನ್ನೊಂದು ಕರ್ಜತ್, ಪುಣೆ ಮೂಲಕ ನಮ್ಮ ಕಲಬುರಗಿ ಕಡೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೋಗೋರಿಗೆಲ್ಲ ಗೊತ್ತಿರೋ ದಾರಿ ಇದು.

ಜಂಕ್ಷನ್ ಅಂದ್ರೆ ಸರಕು, ಸರಕು ಅಂದ್ರೆ ಕಳ್ಳತನ. ಹತ್ತಿ ಮೂಟೆ, ಧಾನ್ಯ, ಬಟ್ಟೆ ಎಲ್ಲ ಇಳಿದು ಹತ್ತುವ ಜಾಗ. ಕಾವಲು ಯಾರು ಕಾಯಬೇಕು, ಖರ್ಚು ಯಾರು ಹೊರಬೇಕು ಅನ್ನೋ ಚರ್ಚೆ ಎದ್ದಿತು. 1872ರ ರೈಲ್ವೆ ಪೊಲೀಸ್ ಸಮಿತಿ ಕೊಟ್ಟ ಸಲಹೆಯಂತೆ, 1882ರ ಹೊತ್ತಿಗೆ ಕೆಲಸ ಎರಡು ಪಾಲಾಯ್ತು. ಕಾನೂನು, ಅಪರಾಧ ತನಿಖೆ ಸರ್ಕಾರದ ಪೊಲೀಸರಿಗೆ. ಮಾಲು, ಗೋದಾಮು, ಕಂಪನಿಯ ಆಸ್ತಿ ಕಂಪನಿಯ ಕಾವಲುಗಾರರಿಗೆ.

ಈ ಗೆರೆ ಇವತ್ತಿಗೂ ಅಳಿಸಿಲ್ಲ. ಸರ್ಕಾರಿ ಪೊಲೀಸರ ವಂಶದವರೇ ಇವತ್ತಿನ ಜಿಆರ್‌ಪಿ, ಅಂದ್ರೆ ರಾಜ್ಯದ ರೈಲ್ವೆ ಪೊಲೀಸ್. ಕಂಪನಿ ಕಾವಲಿನ ವಂಶದವರು ಆರ್‌ಪಿಎಫ್. 1957ರ ಕಾಯ್ದೆಯಿಂದ ಹುಟ್ಟಿದ ಆರ್‌ಪಿಎಫ್‌ನ ಮೂಲ ಉದ್ದೇಶ ರೈಲ್ವೆ ಆಸ್ತಿಯ ರಕ್ಷಣೆ. ‘ಪ್ರಯಾಣಿಕರು’ ಅದರ ಕರ್ತವ್ಯದೊಳಗೆ ಸರಿಯಾಗಿ ಬಂದದ್ದು 2003ರ ತಿದ್ದುಪಡಿಯಲ್ಲಿ. ನೋಡಿ, ಮೂಟೆಗೆ ಕಾವಲು ಮೊದಲು ಬಂತು, ಮನುಷ್ಯನಿಗೆ ಆಮೇಲೆ! ಈಗಲೂ ನಿಮ್ಮ ಪರ್ಸ್ ಹೋದರೆ, ಯಾರಾದರೂ ಕೈಮಾಡಿದರೆ, ಕೇಸ್ ಹಾಕಿ ತನಿಖೆ ಮಾಡೋದು ಜಿಆರ್‌ಪಿಯೇ.

ಈಗ ಬಜೆಟ್ ವಿಷಯಕ್ಕೆ ಬರ್ತೀನಿ. ನಮ್ಮ ಸಂವಿಧಾನದಲ್ಲಿ ಪೊಲೀಸ್ ರಾಜ್ಯದ ವಿಷಯ, ಅದರಲ್ಲಿ ರೈಲ್ವೆ ಪೊಲೀಸ್ ಕೂಡ ಸೇರಿದೆ. ಆದರೆ ರೈಲು ಕೇಂದ್ರದ್ದು. ಹಾಗಾಗಿ ಜಿಆರ್‌ಪಿ ಖರ್ಚು ರಾಜ್ಯ ಅರ್ಧ, ರೈಲ್ವೆ ಅರ್ಧ. ಎಷ್ಟು ಹುದ್ದೆ ಅನ್ನೋದಕ್ಕೆ ರೈಲ್ವೆಯ ಒಪ್ಪಿಗೆಯೂ ಬೇಕು, ಇಲ್ಲದಿದ್ದರೆ ಅದರ ಪಾಲು ಬರಲ್ಲ. ಆಫೀಸಿನಲ್ಲಿ ಎರಡು ಟೀಮ್‌ಗೆ ಒಂದೇ ಪ್ರಾಜೆಕ್ಟ್ ಕೊಟ್ಟು ‘ಹೆಡ್‌ಕೌಂಟ್ ನೀವೇ ಮಾತಾಡ್ಕೊಳ್ಳಿ’ ಅಂದ್ರೆ ಏನಾಗುತ್ತೆ? ಇಬ್ಬರೂ ಇನ್ನೊಬ್ಬರು ಕೇಳಲಿ ಅಂತ ಕಾಯ್ತಾರೆ. ಇಲ್ಲೂ ಅಷ್ಟೆ.

ಅಷ್ಟರಲ್ಲಿ ಊರುಗಳು ಬೆಳೆದವು. 1970ರಲ್ಲಿ ಸಿಡ್ಕೊ ಬಂತು, ನವಿ ಮುಂಬೈ ಶುರುವಾಯ್ತು. 1992ರಲ್ಲಿ ಲೋಕಲ್ ಮಾನಖುರ್ದ್‌ನಿಂದ ವಾಶಿಗೆ ದಾಟಿತು, 2004ರಲ್ಲಿ ಥಾಣೆ–ವಾಶಿ ಟ್ರಾನ್ಸ್‌ಹಾರ್ಬರ್ ಲೈನ್ ಬಂತು. ಅದಾದ ಮೇಲೆ ತಾನೇ ಡೊಂಬಿವಲಿಯಲ್ಲಿ ಮನೆ, ಐರೋಲಿಯಲ್ಲಿ ಕೆಲಸ ಅನ್ನೋದು ನಮ್ಮಂಥವರಿಗೆ ಸಾಧ್ಯವಾದದ್ದು? 2011ರ ಜನಗಣತಿಯಲ್ಲಿ ಥಾಣೆ ನಗರ 18 ಲಕ್ಷ, ಕಲ್ಯಾಣ್–ಡೊಂಬಿವಲಿ 12 ಲಕ್ಷ, ನವಿ ಮುಂಬೈ 11 ಲಕ್ಷ ದಾಟಿದ್ದವು. ರಸ್ತೆಯ ಪೊಲೀಸರಾದರೂ ಊರಿನ ಜೊತೆ ಕವಲೊಡೆದರು: ಥಾಣೆಗೆ 1981ರಲ್ಲಿ, ನವಿ ಮುಂಬೈಗೆ 1994ರಲ್ಲಿ ಪ್ರತ್ಯೇಕ ಕಮಿಷನರೇಟ್. ಹಳಿಯ ಮೇಲೆ ಮಾತ್ರ ಇಡೀ ಮುಂಬೈ ಲೋಕಲ್ ಜಾಲಕ್ಕೆ ಒಬ್ಬರೇ ರೈಲ್ವೆ ಪೊಲೀಸ್ ಕಮಿಷನರ್.

ಹಾಗಾದ್ರೆ ದುಡ್ಡು ಬರಲೇ ಇಲ್ವಾ? ಬಂತು. ಪ್ರತಿ ಸಲ ರಕ್ತ ಹರಿದ ಮೇಲೆ ಬಂತು. 2003ರ ಮಾರ್ಚ್ 13ರಂದು ನಮ್ಮದೇ ಲೈನಿನ ಕರ್ಜತ್ ಲೋಕಲ್ ಮುಲುಂಡ್ ಸ್ಟೇಷನ್‌ಗೆ ಬರುವಾಗ ಮಹಿಳಾ ಬೋಗಿಯಲ್ಲಿ ಬಾಂಬ್ ಸಿಡಿದು ಕನಿಷ್ಠ 10 ಜನ ಸತ್ತರು. 2006ರ ಜುಲೈ 11ರಂದು ಪಶ್ಚಿಮ ಲೈನಿನಲ್ಲಿ ಏಳು ಸ್ಫೋಟ, 180ಕ್ಕೂ ಹೆಚ್ಚು ಸಾವು. 2008ರ ನವೆಂಬರ್ 26ರಂದು ಸಿಎಸ್‌ಟಿಯಲ್ಲಿ ಇಬ್ಬರು ಬಂದೂಕುಧಾರಿಗಳು 50ಕ್ಕೂ ಹೆಚ್ಚು ಜನರನ್ನು ಕೊಂದರು. ಅವರ ಕೈಯಲ್ಲಿ ಎಕೆ–47, ನಮ್ಮವರ ಕೈಯಲ್ಲಿ ಲಾಠಿ, ಹಳೇ ಪಾಯಿಂಟ್ 303 ರೈಫಲ್. ಅಲ್ಲಿ ಎದುರು ನಿಂತು ಸತ್ತವರಲ್ಲಿ ರೈಲ್ವೆ ಪೊಲೀಸ್ ಇನ್ಸ್‌ಪೆಕ್ಟರ್ ಶಶಾಂಕ್ ಶಿಂದೆ ಒಬ್ಬರು.

ಆ ವರ್ಷಗಳಲ್ಲಿ ರೈಲ್ವೆ 202 ಸೂಕ್ಷ್ಮ ಸ್ಟೇಷನ್‌ಗಳಿಗೆ ಕ್ಯಾಮೆರಾ, ಸ್ಕ್ಯಾನರ್ ಇರುವ ಭದ್ರತಾ ಯೋಜನೆ ಮಾಡಿತು. ಮುಂದೆ ನಿರ್ಭಯಾ ನಿಧಿಯಿಂದ 983 ಸ್ಟೇಷನ್‌ಗಳಿಗೆ ಕ್ಯಾಮೆರಾ ಯೋಜನೆ ಬಂತು. ಒಳ್ಳೇದೇ. ಆದರೆ ಒಂದು ಸೂಕ್ಷ್ಮ ಗಮನಿಸಿ. ಕ್ಯಾಮೆರಾ ಒಮ್ಮೆ ಕೊಳ್ಳುವ ವಸ್ತು, ಉದ್ಘಾಟನೆಗೆ ಫೋಟೋ ಸಿಗುತ್ತೆ. ಕಾನ್ಸ್‌ಟೇಬಲ್ ಅಂದ್ರೆ ಮೂವತ್ತು ವರ್ಷದ ಸಂಬಳ, ಆಮೇಲೆ ಪೆನ್ಶನ್. ಹಾಗಾಗಿ ಯಂತ್ರಕ್ಕೆ ಹಣ ಸುಲಭವಾಗಿ ಸಿಗುತ್ತೆ, ಮನುಷ್ಯನಿಗೆ ಸಿಗಲ್ಲ. ಕ್ಯಾಮೆರಾ ಕಳ್ಳನ ಮುಖ ತೋರಿಸುತ್ತೆ, ಆದರೆ ರಾತ್ರಿ ಹನ್ನೊಂದಕ್ಕೆ ಖಾಲಿ ಮಹಿಳಾ ಬೋಗಿಯೊಳಗೆ ಬಂದು ನಿಲ್ಲಲ್ಲ.

ನ್ಯೂಯಾರ್ಕ್‌ನಲ್ಲಿ ಕಡಿತ ಕಣ್ಣಿಗೆ ಕಾಣುವಂತೆ ಆಗಿತ್ತು. 1975ರಲ್ಲಿ ನಗರ ದಿವಾಳಿ ಅಂಚಿಗೆ ಬಂದು ಸಾವಿರಾರು ಪೊಲೀಸರನ್ನು ಮನೆಗೆ ಕಳಿಸಿತು. ಸಿಟ್ಟಾದ ಪೊಲೀಸ್ ಸಂಘಗಳು ‘ಭಯದ ನಗರಕ್ಕೆ ಸ್ವಾಗತ’ ಅಂತ ಕರಪತ್ರ ಹಂಚಿ, ಸಬ್‌ವೇ ಹತ್ತಲೇಬೇಡಿ ಅಂತ ಪ್ರವಾಸಿಗರನ್ನು ಹೆದರಿಸಿದವು. 1979ರಲ್ಲಿ ಗಾರ್ಡಿಯನ್ ಏಂಜೆಲ್ಸ್ ಅನ್ನೋ ಕೆಂಪು ಟೋಪಿಯ ಸ್ವಯಂಸೇವಕರು ಸಬ್‌ವೇ ಕಾಯೋಕೆ ಇಳಿದರು. ನಮ್ಮಲ್ಲಿ ಕಡಿತ ಹೀಗೆ ಸುದ್ದಿಯಾಗಲ್ಲ. ಇಲ್ಲಿ ಅದರ ಹೆಸರು ‘ಖಾಲಿ ಹುದ್ದೆ’. ದೇಶದ ಪೊಲೀಸ್ ಪಡೆಗಳಲ್ಲಿ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಐದರಲ್ಲಿ ಒಂದು ಖಾಲಿ. ಯಾರನ್ನೂ ತೆಗೆಯಲ್ಲ, ನಿವೃತ್ತರಾದವರ ಜಾಗ ತುಂಬಲ್ಲ, ಅಷ್ಟೇ. ಎಷ್ಟೋ ಕಡೆ ಆ ಜಾಗದಲ್ಲಿ ದಿನಗೂಲಿ ಹೋಮ್‌ಗಾರ್ಡ್ ನಿಂತಿರ್ತಾರೆ.

ಇರುವ ಜಿಆರ್‌ಪಿಯವರೂ ಏನು ಮಾಡ್ತಿರ್ತಾರೆ ಗೊತ್ತಾ? ಹೆಣ ಎತ್ತುತ್ತಿರ್ತಾರೆ. ಮುಂಬೈ ಲೋಕಲ್ ಜಾಲದಲ್ಲಿ ಇತ್ತೀಚಿನ ವರ್ಷಗಳಲ್ಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಹಳಿ ದಾಟುವಾಗ, ಬಾಗಿಲಿನಿಂದ ಬಿದ್ದು, ಇನ್ನಿತರ ಕಾರಣದಿಂದ ಸಾಯ್ತಾರೆ. ಪ್ರತಿ ಸಾವಿಗೂ ಪಂಚನಾಮೆ, ಗುರುತು ಪತ್ತೆ, ಮನೆಯವರಿಗೆ ಫೋನ್, ಪೋಸ್ಟ್‌ಮಾರ್ಟಂ. ಆ ಕೆಲಸದಲ್ಲಿರುವ ಕಾನ್ಸ್‌ಟೇಬಲ್ ಪ್ಲಾಟ್‌ಫಾರ್ಮ್ ಮೇಲೆ ಇರೋಕೆ ಆಗಲ್ಲ. ಅದೇ ಹೊತ್ತಿಗೆ ಹಳಿ ಪಕ್ಕ ‘ಫಟ್ಕಾ’ ಹುಡುಗರು ಕೋಲು ಹಿಡಿದು ಕಾಯ್ತಿರ್ತಾರೆ, ಬಾಗಿಲಲ್ಲಿ ನಿಂತವರ ಕೈಗೆ ಹೊಡೆದು ಫೋನ್ ಬೀಳಿಸೋಕೆ. ಫೋನ್ ಹಿಡಿಯೋಕೆ ಹೋಗಿ ಬಿದ್ದವನು ಇನ್ನೊಂದು ಪಂಚನಾಮೆ.

2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ಹತ್ತಿರದ ತಿರುವಿನಲ್ಲಿ ಎರಡು ಲೋಕಲ್‌ಗಳು ಪಕ್ಕಪಕ್ಕ ಹಾದುಹೋಗುವಾಗ, ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ಅಂದೇ ನಾಲ್ವರು ಸತ್ತರು. ಅವರಲ್ಲಿ ಒಬ್ಬರು ರೈಲ್ವೆ ಪೊಲೀಸ್ ಕಾನ್ಸ್‌ಟೇಬಲ್. ನಮ್ಮನ್ನು ಕಾಯಬೇಕಾದವರು ಕೂಡ ನಮ್ಮ ಹಾಗೇ ಅದೇ ಗರ್ದಿಯಲ್ಲಿ ಓಡಾಡೋರು. ತಿಂಗಳುಗಳ ನಂತರ ಜಿಆರ್‌ಪಿ ರೈಲ್ವೆಯ ಎಂಜಿನಿಯರ್‌ಗಳ ಮೇಲೇ ಕೇಸ್ ಹಾಕಿತು, ನವೆಂಬರ್‌ನಲ್ಲಿ ರೈಲ್ವೆ ನೌಕರರು ಸಿಎಸ್‌ಎಂಟಿಯಲ್ಲಿ ಪ್ರತಿಭಟಿಸಿ ಲೋಕಲ್‌ಗಳು ನಿಂತವು. 1882ರ ಗೆರೆ ಮತ್ತೆ ಕಂಡಿತು: ಈ ಕಡೆ ರಾಜ್ಯ, ಆ ಕಡೆ ರೈಲ್ವೆ, ನಡುವೆ ಹಳಿ ಮೇಲೆ ನಾವು.

ಪೊಲೀಸ್ ಹೆಚ್ಚಾದರೆ ಎಲ್ಲ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಮುಂಬ್ರಾ ತಿರುವಿಗೆ ಬೇಕಿದ್ದದ್ದು ಲಾಠಿ ಅಲ್ಲ; ಹೆಚ್ಚು ರೈಲು, ಮುಚ್ಚುವ ಬಾಗಿಲು. ಆದರೆ ರಾತ್ರಿಯ ಬೋಗಿಗೆ, ಫುಟ್ ಓವರ್‌ಬ್ರಿಡ್ಜ್‌ನ ಕತ್ತಲ ಮೂಲೆಗೆ ಮನುಷ್ಯರೇ ಬೇಕು. ಅದಕ್ಕೇ ಇನ್ನುಮೇಲೆ ಯಾರಾದರೂ ‘ಇಷ್ಟು ಕ್ಯಾಮೆರಾ ಹಾಕಿದ್ದೀವಿ’ ಅಂದ್ರೆ ನಾವು ಕೇಳಬೇಕಾದ್ದು ಒಂದೇ: ನಮ್ಮ ಸ್ಟೇಷನ್‌ಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಮಾಹಿತಿ ಹಕ್ಕು ಅರ್ಜಿಗೆ ಹತ್ತು ರೂಪಾಯಿ ಸಾಕು.

ಕೊನೆಗೆ ಕೆಲಸಕ್ಕೆ ಬರೋ ಎರಡು ಮಾತು. ರೈಲಿನಲ್ಲಿ ತೊಂದರೆ ಆದರೆ 139, ರೈಲ್ವೆ ಪೊಲೀಸ್‌ಗೆ 1512, ಎಲ್ಲಿದ್ದರೂ 112. ಹಾಗೇ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಗಂಭೀರ ದೂರನ್ನು ಯಾವ ಪೊಲೀಸ್ ಠಾಣೆಯಲ್ಲಾದರೂ ಕೊಡಬಹುದು. ‘ಇದು ನಮ್ಮ ಹದ್ದು ಅಲ್ಲ’ ಅಂದ್ರೆ, ಜಗಳ ಬೇಡ, ಮೆಲ್ಲಗೆ ‘ಝೀರೋ ಎಫ್‌ಐಆರ್’ ಅನ್ನಿ. ಅವತ್ತು ರಾತ್ರಿ ಈ ಪದ ನನಗೆ ಗೊತ್ತಿರಲಿಲ್ಲ.

ಮುಂದಿನ ವಾರ ಸಿಗೋಣ. ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಸರಿಯಿರಿ.