ಎಷ್ಟು ದೂರ ನಡೆಯುತ್ತೀರಿ?

ಶ್ವಾಸಕೋಶ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಅಳೆಯುವುದನ್ನು ವೈದ್ಯರು 1846ರಲ್ಲೇ ಕಲಿತಿದ್ದರು. ಉಸಿರು ಸಾಲದವರ ದಿನ ಹೇಗೆ ಕಳೆಯುತ್ತದೆ ಎಂದು ಕ್ರಮವಾಗಿ ಕೇಳುವುದನ್ನು ಕಲಿಯಲು ಮತ್ತೆ ಸುಮಾರು ನೂರು ವರ್ಷ ಹಿಡಿಯಿತು. ಆ ಪ್ರಶ್ನೆ ಎಲ್ಲಿಂದ ಬಂತು, ಬಂದ ಮೇಲೆ ಏನನ್ನು ಬದಲಿಸಿತು ಎಂಬುದು ಇಲ್ಲಿನ ಕಥೆ.

1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತನ್ನ ಸ್ಪೈರೋಮೀಟರಿನ ವಿವರ ಪ್ರಕಟಿಸಿದ. ನೀರಿನಲ್ಲಿ ಮಗುಚಿಟ್ಟ ಪಾತ್ರೆ, ಅದಕ್ಕೊಂದು ಕೊಳವೆ. ಊದಿದಷ್ಟೂ ಪಾತ್ರೆ ಮೇಲೇಳುತ್ತಿತ್ತು. ನಾವಿಕರು, ಪೊಲೀಸರು ಮೊದಲಾದ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಆತ ಅದನ್ನು ಊದಿಸಿದ್ದ. ಯಾರ ಜೀವಕ್ಕೆ ವಿಮೆ ಕೊಡಬಹುದು ಎಂದು ತೀರ್ಮಾನಿಸುವುದಕ್ಕೂ ಈ ಅಂಕಿ ನೆರವಾದೀತು ಎಂಬುದು ಅವನ ನಂಬಿಕೆ. ಅಂಕಿಯೇನೋ ನಿಖರವಾಗಿತ್ತು. ಆದರೆ ಆ ಅಂಕಿಯವನು ಮೆಟ್ಟಿಲು ಹತ್ತಬಲ್ಲನೇ ಎಂಬುದನ್ನು ಅದು ಹೇಳುತ್ತಿರಲಿಲ್ಲ.

ಈ ಕೊರತೆ ದೊಡ್ಡದಾಗಿ ಎದುರಾದದ್ದು ದಕ್ಷಿಣ ವೇಲ್ಸಿನ ಕಲ್ಲಿದ್ದಲು ಗಣಿಗಳಲ್ಲಿ. ಎದೆಯಲ್ಲಿ ದೂಳು ತುಂಬಿಕೊಂಡ ಕಾರ್ಮಿಕರಿಗೆ 1943ರ ಯೋಜನೆಯೊಂದು ಪರಿಹಾರ ಕೊಟ್ಟಿತು. ಆದರೆ ರೋಗ ಇದೆ ಎಂದು ಪ್ರಮಾಣಪತ್ರ ಸಿಕ್ಕವನು ಗಣಿ ಬಿಡಬೇಕಿತ್ತು. ಹೀಗಾಗಿ ವೈದ್ಯರ ಒಂದು ಮಾತಿನ ಮೇಲೆ ಇಡೀ ಮನೆಯ ಅನ್ನ ನಿಂತಿತ್ತು. ಇತ್ತ ಎಕ್ಸ್-ರೇಗೂ ಏದುಸಿರಿಗೂ ತಾಳೆಯಾಗುತ್ತಿರಲಿಲ್ಲ. ಚಿತ್ರದಲ್ಲಿ ಕಲೆ ಹೆಚ್ಚಿದ್ದವನು ಸಲೀಸಾಗಿ ಓಡಾಡಬಹುದು, ಕಲೆ ಕಡಿಮೆ ಇದ್ದವನು ನಾಲ್ಕು ಹೆಜ್ಜೆಗೆ ನಿಲ್ಲಬಹುದು.

1945ರಲ್ಲಿ ಕಾರ್ಡಿಫ್ ಬಳಿ ಈ ರೋಗಕ್ಕೆಂದೇ ಒಂದು ಸಂಶೋಧನಾ ಘಟಕ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಚಾರ್ಲ್ಸ್ ಫ್ಲೆಚರ್. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೊಲೀಸನೊಬ್ಬನಿಗೆ ಪೆನಿಸಿಲಿನ್ ಚುಚ್ಚಿದ ಯುವ ವೈದ್ಯ ಇವನೇ. ಫ್ಲೆಚರ್ ಮತ್ತು ಜೊತೆಗಾರರು ಉಸಿರಾಟದ ಕಷ್ಟವನ್ನು ಐದು ಮೆಟ್ಟಿಲುಗಳಾಗಿ ಜೋಡಿಸಿದರು. 1950ರ ದಶಕದಲ್ಲಿ ಅದು ಪ್ರಕಟವಾಯಿತು. ಜೋರು ಶ್ರಮಕ್ಕೆ ಮಾತ್ರ ಏದುಸಿರೇ? ಸ್ವಲ್ಪ ಏರಿನಲ್ಲೂ ಬರುತ್ತದೆಯೇ? ಸಮತಟ್ಟಾದ ನೆಲದಲ್ಲಿ ಓರಗೆಯವರಿಗಿಂತ ಹಿಂದೆ ಬೀಳುತ್ತೀರಾ? ನೂರು ಗಜ ನಡೆದು ನಿಲ್ಲಬೇಕೇ? ಬಟ್ಟೆ ಹಾಕಿಕೊಳ್ಳುವಾಗಲೂ ದಮ್ಮು ಕಟ್ಟುತ್ತದೆಯೇ? ಯಂತ್ರ ಬೇಡ, ಖರ್ಚಿಲ್ಲ. ತುಸು ಮಾರ್ಪಾಡಾದ ಅದೇ ಪ್ರಶ್ನೆಗಳನ್ನು ನಮ್ಮ ಆಸ್ಪತ್ರೆಗಳಲ್ಲೂ ಇಂದು ಕೇಳುತ್ತಾರೆ.

ಕೇಳತೊಡಗಿದ ಮೇಲೆ ಚಿಕಿತ್ಸೆಯೂ ಬದಲಾಯಿತು. ಅಲ್ಲಿಯವರೆಗೆ ಇಂಥ ರೋಗಿಗಳಿಗೆ ಸಿಗುತ್ತಿದ್ದ ಸಾಮಾನ್ಯ ಸಲಹೆ ವಿಶ್ರಾಂತಿ. ಅದರಿಂದ ಒಂದು ವಿಷವರ್ತುಲ ಹುಟ್ಟುತ್ತಿತ್ತು. ಏದುಸಿರಿಗೆ ಹೆದರಿ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಹೆಚ್ಚು ಉಸಿರು ಬೇಡುತ್ತದೆ. ಆಗ ಮನುಷ್ಯ ಇನ್ನಷ್ಟು ಕೂರುತ್ತಾನೆ. ನ್ಯೂಯಾರ್ಕಿನ ಆಲ್ವನ್ ಬರಾಕ್ 1952ರಷ್ಟು ಹಿಂದೆಯೇ ಇಂಥವರನ್ನು ನಡೆಸಬೇಕು ಎಂದಿದ್ದ. ಆದರೆ ಎಷ್ಟು ನಡೆಸಿದರೂ ಸ್ಪೈರೋಮೀಟರಿನ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತಿತ್ತು. ಹಾಗಾದರೆ ಲಾಭವೇನು ಎಂದು ಸಂದೇಹಿಗಳು ಕೇಳಿದರು. ಲಾಭ ಇದ್ದದ್ದು ಬೇರೆ ಕಡೆ: ನಡೆದ ದೂರದಲ್ಲಿ, ರೋಗಿಯ ಮಾತಿನಲ್ಲಿ. ಅದನ್ನು ತೋರಿಸಲು ಆ ಮಾತನ್ನೇ ಅಳೆಯುವ ಸಾಧನ ಬೇಕಿತ್ತು.

1987ರಲ್ಲಿ ಕೆನಡಾದ ಗಾರ್ಡನ್ ಗಯಟ್ ಮತ್ತು ಸಂಗಡಿಗರು ಅಂಥದೊಂದನ್ನು ಪ್ರಕಟಿಸಿದರು. ಅದರಲ್ಲಿ ರೋಗಿಯೇ ತನಗೆ ಮುಖ್ಯವಾದ, ಆದರೆ ಏದುಸಿರು ತರುವ ಐದು ಕೆಲಸಗಳನ್ನು ಹೆಸರಿಸಬೇಕು. ಚಿಕಿತ್ಸೆಯ ನಂತರ ಕೇಳುವುದು ಆ ಐದರ ಬಗ್ಗೆಯೇ. 1994ರಲ್ಲಿ ಟೊರಾಂಟೊದ ವೈದ್ಯರ ಪ್ರಯೋಗವೂ ವ್ಯಾಯಾಮದ ತರಬೇತಿ ಪಡೆದವರ ನಡಿಗೆ, ಬದುಕು ಎರಡೂ ಹಗುರಾದುದನ್ನು ತೋರಿಸಿತು. ಲಂಡನ್ನಿನಲ್ಲಿ 1992ರಲ್ಲಿ ರೂಪುಗೊಂಡ ಸೇಂಟ್ ಜಾರ್ಜ್ಸ್ ಪ್ರಶ್ನಾವಳಿ ಇನ್ನೂ ಪ್ರಸಿದ್ಧ. ಆದರೆ ಅದರ ಮೂಲದಲ್ಲಿ ಗಾಲ್ಫ್ ಆಟವಿದೆ, ಹಿಮ ತೋಡುವುದಿದೆ.

ನಮ್ಮ ದೇಶದಲ್ಲಿ ಶ್ವಾಸಕೋಶ ಸೊರಗಿದವರಲ್ಲಿ ಬೀಡಿ, ಸಿಗರೇಟು ಮುಟ್ಟದೆ ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರು ಬಹಳ. ಗಾಲ್ಫಿನ ಪ್ರಶ್ನೆಗೆ ಅವರಲ್ಲಿ ಉತ್ತರವಿಲ್ಲ. ಅವರ ಐದು ಕೆಲಸಗಳು ಬೇರೆ: ಕೊಡ ಎತ್ತುವುದು, ಬಗ್ಗಿ ರಂಗೋಲಿ ಹಾಕುವುದು, ತಲೆಗೆ ನೀರು ಹಾಕಿಕೊಳ್ಳುವುದು, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ ಹತ್ತುವುದು, ಮೊಮ್ಮಗುವನ್ನು ಎತ್ತಿಕೊಳ್ಳುವುದು. "ವಯಸ್ಸಾಯಿತಲ್ಲ" ಎಂದು ಇವನ್ನು ಒಂದೊಂದಾಗಿ ಬಿಡುತ್ತಾರೆ, ಬಿಟ್ಟದ್ದನ್ನು ಯಾರಿಗೂ ಹೇಳುವುದಿಲ್ಲ.

ಮನೆಯಲ್ಲಿ ಇಂಥವರು ಇದ್ದರೆ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ರಿಪೋರ್ಟಿನ ಜೊತೆಗೆ ಅವರ ಐದು ಕೆಲಸಗಳ ಪಟ್ಟಿಯನ್ನೂ ಒಯ್ಯಿರಿ. ಯಾವ ವ್ಯಾಯಾಮ, ಎಷ್ಟು ಎಂದು ಕೇಳಿಕೊಂಡು ಬನ್ನಿ. ಸೊರಗಿದ ಶ್ವಾಸಕೋಶ ಮೊದಲಿನಂತಾಗದಿರಬಹುದು. ಪಟ್ಟಿಯಲ್ಲಿರುವ ಒಂದೆರಡು ಕೆಲಸಗಳಾದರೂ ಮರಳಿ ಕೈಗೆ ಬರಬಹುದು.