ಕೆಂಪು ದೀಪಕ್ಕೆ ಕಪ್ಪು ಬಳಿಯುವ ಮುನ್ನ

ಇವತ್ತು ರಾಜಕೀಯ ಬೇಡ. ಬನ್ನಿ, ನಿಮ್ಮ ಕಾರಿನ ಹಿಂದೆ ಹೋಗಿ ನಿಂತ್ಕೊಳ್ಳೋಣ.

ಮನೆಯಲ್ಲೇ ಟೈಲ್ ಲ್ಯಾಂಪಿಗೆ ಸ್ಮೋಕ್ ಹೊಡೆಯೋದು ಹುಡುಗರ ಶೋಕಿ. ವಾಟರ್ ಪೇಪರ್‌ನಲ್ಲಿ ಉಜ್ಜು, ಎರಡು ಕೋಟ್ ಕಪ್ಪು ಸ್ಪ್ರೇ ಹೊಡಿ, ಮೇಲೊಂದು ಕ್ಲಿಯರ್ ಕೋಟ್. ಇಲ್ಲವೇ ಫಿಲ್ಮ್ ಅಂಟಿಸಿ ಹೇರ್ ಡ್ರೈಯರ್ ಹಿಡಿ. ಎಂಜಿನಿಯರಿಂಗ್ ಓದುವಾಗ ನಾನೂ ಅಪ್ಪನ ಕಾರಿಗೆ ಇದನ್ನೇ ಮಾಡಿದ್ದೆ. ಅಪ್ಪನನ್ನು ಕೇಳಿರಲಿಲ್ಲ.

ಆದರೆ ಆ ಕೆಂಪು ಸುಮ್ನೆ ಬಂದಿದ್ದಲ್ಲ ಸ್ವಾಮಿ. 19ನೇ ಶತಮಾನದ ಇಂಗ್ಲೆಂಡಿನ ರೈಲುಗಳಿಗೆ ಕೆಂಪು ಅಂದ್ರೆ ನಿಲ್ಲು, ಹಸಿರು ಅಂದ್ರೆ ಹುಷಾರು, ಬಿಳಿ ಅಂದ್ರೆ ಹೋಗು. ಇದರಲ್ಲೊಂದು ಯಡವಟ್ಟಿತ್ತು. ಸಿಗ್ನಲ್ಲಿನ ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬಿಳಿಯಾಗಿ ಕಾಣುತ್ತಿತ್ತು. 'ನಿಲ್ಲು' ಅನ್ನಬೇಕಾದ ದೀಪ 'ಹೋಗು' ಅನ್ನುತ್ತಿತ್ತು! ಕೊನೆಗೆ ಬಿಳಿಯನ್ನು ಕೈಬಿಟ್ಟು, 'ಹೋಗು' ಅನ್ನೋ ಕೆಲಸವನ್ನು ಹಸಿರಿಗೆ ಕೊಟ್ಟರು. ದೀಪದ ಮುಂದಿನ ಗಾಜು ಬದಲಾದರೆ ದೀಪ ಹೇಳುವ ಮಾತೇ ಬದಲಾಗುತ್ತೆ. ಇದು ರೈಲು ಕಲಿಸಿದ ಮೊದಲ ಪಾಠ.

ಎರಡನೇ ಪಾಠ ಅಮೆರಿಕದ್ದು. 1974ರಲ್ಲಿ ಜಾನ್ ವೊವೊಡ್ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ 343 ಟ್ಯಾಕ್ಸಿಗಳಿಗೆ ಮೂರನೆಯದೊಂದು ಬ್ರೇಕ್ ಲೈಟ್ ಹಾಕಿಸಿದರು. ಇನ್ನು 160 ಟ್ಯಾಕ್ಸಿಗಳನ್ನು ಹಾಗೇ ಬಿಟ್ಟರು. ಹತ್ತು ತಿಂಗಳ ನಂತರ ಲೆಕ್ಕ ಹಾಕಿದರೆ, ಮೂರನೇ ದೀಪವಿದ್ದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದಿದ ಅಪಘಾತಗಳು ಶೇ. 60.6ರಷ್ಟು ಕಡಿಮೆ! 1986ರ ಮಾದರಿಯಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಈ ದೀಪ ಕಡ್ಡಾಯವಾಯಿತು. ಎಲ್ಲರ ಕಾರಿಗೂ ಬಂದು ಕಣ್ಣಿಗೆ ರೂಢಿಯಾದ ಮೇಲೆ ಲಾಭ ಶೇ. 4ರ ಆಸುಪಾಸಿಗೆ ಇಳಿಯಿತು, ನಿಜ. ಆದರೂ ಕೋಟಿಗಟ್ಟಲೆ ಕಾರುಗಳ ದೇಶದಲ್ಲಿ ಅದೇನು ಸಣ್ಣದಲ್ಲ. ಒಂದು ಪುಟ್ಟ ದೀಪ ಹೆಚ್ಚಿಸೋಕೆ ಅವರು ಅಷ್ಟು ಒದ್ದಾಡಿದರು. ನಾವು ಇರೋದನ್ನೇ ಮಂಕು ಮಾಡ್ತಿದ್ದೀವಿ.

ಲೆಕ್ಕ ನೋಡಿ. ಅರ್ಧ ಬೆಳಕು ಬಿಡುವ ಫಿಲ್ಮ್ ಅಂಟಿಸಿದಿರಿ ಅಂತಿಟ್ಟುಕೊಳ್ಳಿ. ಬಲ್ಬಿನ ಬೆಳಕು ಅದನ್ನು ಒಂದು ಸಲ ದಾಟುತ್ತೆ, ಅರ್ಧ ಉಳಿಯುತ್ತೆ. ಆದರೆ ಆ ದೀಪದಲ್ಲೇ ರಿಫ್ಲೆಕ್ಟರೂ ಇದ್ದರೆ? ಹಿಂದಿನ ಗಾಡಿಯ ಬೆಳಕು ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ ಫಿಲ್ಮ್ ದಾಟಬೇಕು. ಉಳಿಯೋದು ಕಾಲು ಭಾಗ. ರಾತ್ರಿ ಹೈವೇಯಲ್ಲಿ ಬ್ಯಾಟರಿ ಸತ್ತು ಕಾರು ನಿಂತರೆ ನಿಮ್ಮನ್ನು ಕಾಯೋದು ಆ ರಿಫ್ಲೆಕ್ಟರ್ ಒಂದೇ.

ನಮ್ಮ ಕಾನೂನೂ ಸುಮ್ಮನೆ ಕೂತಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. 2019ರ ಜನವರಿಯಲ್ಲಿ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದಿತು. ಆದರೆ ಕೋರ್ಟು ನಮ್ಮ ಶೆಡ್ಡಿಗೆ ಬರುತ್ತಾ?

ನನಗೆ ಪಾಠ ಕಲಿಸಿದ್ದು ಘಾಟಿಯ ಮಂಜು. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು. ತಿರುವಿನಲ್ಲಿ ಬ್ರೇಕ್ ಒತ್ತಿದೆ. ಹಿಂದಿದ್ದ ಲಾರಿ ಕಿರುಚುತ್ತಾ ಬಂದು ಬಂಪರ್ ಮುಟ್ಟಿ ನಿಂತಿತು. ಡ್ರೈವರ್ ಇಳಿದು ಬಂದ. ಬೈಯಲಿಲ್ಲ. ಅವನ ಕೈ ನಡುಗುತ್ತಿತ್ತು. "ನೀವು ಬ್ರೇಕ್ ಹಿಡಿದಿದ್ದು ಕಾಣ್ಲೇ ಇಲ್ಲ ಸಾರ್" ಅಂದ.

ಊರಿಗೆ ಬಂದು ಥಿನ್ನರ್ ಹಾಕಿ ಒರೆಸಿದೆ. ಪ್ಲಾಸ್ಟಿಕ್ ತುಂಬ ಬಿರುಕು. ಹೊಸ ದೀಪ ಕೊಂಡು ತಂದೆ. ಅಪ್ಪ ಒಂದೇ ಮಾತು ಹೇಳಿದರು: "ಮುಂದಿನ ದೀಪ ನಮಗಪ್ಪ, ಹಿಂದಿನದು ಬೇರೆಯವರಿಗೆ."

ಈ ಭಾನುವಾರ ಸ್ಪ್ರೇ ಡಬ್ಬಿ ಕೈಗೆ ತಗೊಳ್ಳೋ ಮುಂಚೆ, ಹಿಂದಿನ ಸೀಟಿನಲ್ಲಿ ಯಾರು ಕೂರ್ತಾರೆ ಅಂತ ಒಮ್ಮೆ ನೆನಪಿಸಿಕೊಳ್ಳಿ.