ಸವಾರ ಮತ್ತು ಚಾಲಕ: ರಾಯದುರ್ಗ–ಮಡಕಶಿರಾ ದಾರಿಗಳಲ್ಲಿ ಕುದುರೆ, ಸೈಕಲ್, ಮೋಟಾರು

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದೆ. ಚರ್ಚೆಯ ಒಂದು ಭಾಗ ಕೊನೆಯಲ್ಲಿದೆ.)

ಧ್ವನಿ ಕೇಳ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ.

ಒಂದು ಪದದಿಂದ ಹೊರಡೋಣ. ನಮ್ಮ ಪತ್ರಿಕೆಗಳಲ್ಲಿ ದಿನಾ ಬರುವ ಸುದ್ದಿ: ಲಾರಿ ಡಿಕ್ಕಿ, ಬೈಕ್ ಸವಾರ ಸಾವು. ಲಾರಿಯವನು ‘ಚಾಲಕ’, ಬೈಕಿನವನು ‘ಸವಾರ’. ಸೈಕಲ್ಲಿನವನೂ ಸವಾರನೇ. ‘ಕಾರು ಸವಾರ’ ಅಂತ ಯಾರೂ ಬರೆಯೋದಿಲ್ಲ. ಪಾರಸಿಯಿಂದ ಬಂದ ಈ ‘ಸವಾರ’ ಮೂಲದಲ್ಲಿ ಕುದುರೆ ಏರಿದವನು. ಅದಕ್ಕೂ ಮೊದಲು ನಮ್ಮಲ್ಲಿ ‘ರಾವುತ’ ಇದ್ದ. ಕುದುರೆ ಹೋಯ್ತು, ರಾವುತನೂ ಹೋದ, ಸವಾರ ಮಾತ್ರ ಎರಡು ಚಕ್ರದ ಮೇಲೆ ಉಳ್ಕೊಂಡ. ಕನ್ನಡ ಇಲ್ಲಿ ಒಂದು ನಿಜವಾದ ವ್ಯತ್ಯಾಸವನ್ನು ಹಿಡಿದಿಟ್ಟಿದೆ ಅಂತ ನನಗನ್ನಿಸುತ್ತೆ. ಚಾಲಕ ಒಳಗೆ ಕೂತಿರ್ತಾನೆ, ಸವಾರ ಮೇಲೆ ಕೂತಿರ್ತಾನೆ. ಬಿದ್ದರೆ ನೆಲಕ್ಕೆ ಬೀಳೋನು ಸವಾರ.

ಈ ಮಾತನ್ನು ರಾಯದುರ್ಗ ಮತ್ತು ಮಡಕಶಿರಾ ದಾರಿಗಳ ಮೇಲೆ ಇಟ್ಟು ನೋಡೋದು ನನ್ನ ಉದ್ದೇಶ. ಈ ಕಡೆ ಪರಿಚಯ ಇಲ್ಲದವರಿಗೆ ಎರಡೇ ಮಾತು. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಅವತ್ತು ಆಂಧ್ರ ರಾಜ್ಯ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ, ಬಳ್ಳಾರಿ ಮೈಸೂರಿನ ಕಡೆಗೆ. ರಾಯದುರ್ಗವನ್ನು ಅನಂತಪುರ ಜಿಲ್ಲೆಗೆ ಸೇರಿಸಿದರು. ಮಡಕಶಿರಾ ಅನಂತಪುರ ಜಿಲ್ಲೆಯದೇ, ಆದರೆ ನಕ್ಷೆಯಲ್ಲಿ ಅದು ಪಾವಗಡ, ಸಿರಾ, ಮಧುಗಿರಿಗಳ ನಡುವೆ ಚಾಚಿದ ನಾಲಗೆ. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಎರಡೂ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಈ ವಿವರ ಮುಂದೆ ಬೇಕಾಗುತ್ತೆ.

ಕುದುರೆಯ ಕಾಲಕ್ಕೆ ಬರೋಣ. ಮಡಕಶಿರಾ ಸೀಮೆಯ ಹೇಮಾವತಿಯೇ ನೊಳಂಬರ ಹೆಂಜೇರು. ನೊಳಂಬ ವೀರಮಹೇಂದ್ರನಿಗೂ ಗಂಗರ ಕಡೆಯ ನಾಗತ್ತರನಿಗೂ ನಡೆದ ಕಾಳಗದ ಬೇಗೂರು ವೀರಗಲ್ಲನ್ನು ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ನೋಡಿರ್ತೀರಿ. ಆನೆ, ಕುದುರೆ, ಕಾಲಾಳು ಎಲ್ಲ ಒಂದೇ ಕಲ್ಲಿನಲ್ಲಿ ಒತ್ತಿಕೊಂಡು ನಿಂತಿದ್ದಾರೆ. ವಿಜಯನಗರದ ಹೊತ್ತಿಗೆ ಕುದುರೆ ಅನ್ನೋದು ಸಮುದ್ರದಾಚೆಯ ವ್ಯಾಪಾರ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ತಿದ್ದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೀತಾನೆ. ಈ ಅಂಕಿಯನ್ನು ಹಾಗೇ ನಂಬಬೇಕಾಗಿಲ್ಲ, ಆದರೆ ಅದರ ಭಾರ ನಂಬಬಹುದು. ರಾಯದುರ್ಗ, ಪೆನುಕೊಂಡದಂಥ ದುರ್ಗಗಳ ನಡುವಿನ ದಾರಿಯಲ್ಲಿ ಕುದುರೆ ಓಡಿದ್ದು ದಂಡಿಗಾಗಿ. ಊರಿನ ರೈತ ಕುದುರೆ ಏರಿದವನಲ್ಲ. ಅವನು ನಡೀತಿದ್ದ, ಅವನ ಸರಕು ಎತ್ತಿನ ಮೇಲೆ ಹೋಗ್ತಿತ್ತು. ದಂಡಿಗೆ ಧಾನ್ಯ ಮುಟ್ಟಿಸುತ್ತಿದ್ದದ್ದು ಲಂಬಾಣಿಗರ ಹೇರೆತ್ತುಗಳು.

ಅಂದ್ರೆ ಇವತ್ತು ಕಾರು ಇರೋ ಜಾಗದಲ್ಲಿ ಆಗ ಕುದುರೆ ಇತ್ತು. ವೇಗ ಅದರದ್ದು, ಅಧಿಕಾರ ಅದರದ್ದು, ಧೂಳು ಉಳಿದವರದ್ದು. ‘ಹಿಂದೆ ಎಲ್ಲರೂ ದಾರಿಯನ್ನು ಹೊಂದಿಕೊಂಡು ಬಳಸ್ತಿದ್ರು’ ಅಂತ ನಾವು ಸೆಮಿನಾರುಗಳಲ್ಲಿ ಸುಲಭವಾಗಿ ಹೇಳಿಬಿಡ್ತೀವಿ. ನನಗೆ ಅದಕ್ಕೆ ಆಧಾರ ಕಾಣಿಸಿಲ್ಲ.

ಕುದುರೆಯವರಲ್ಲೂ ಎರಡು ತರಗತಿ ಇತ್ತು. ಸ್ವಂತ ಕುದುರೆ ತಂದು ಚಾಕರಿ ಮಾಡೋನು ಸಿಲ್ಲೇದಾರ, ಸರ್ಕಾರದ ಕುದುರೆ ಏರೋನು ಬಾರ್ಗೀರ. ಮೈಸೂರು ಸಂಸ್ಥಾನದ ಸಿಲ್ಲೇದಾರ್ ಕುದುರೆ ಪಡೆ ಬ್ರಿಟಿಷರ ಕಾಲದಲ್ಲೂ ಇತ್ತು. ಕುದುರೆ ಸತ್ತರೆ ಸಿಲ್ಲೇದಾರನ ಬದುಕೇ ಕುಸೀತಿತ್ತು. ಸ್ವಂತ ಆಟೋದವನಿಗೂ ಕಂಪನಿ ಕ್ಯಾಬಿನವನಿಗೂ ಇರೋ ವ್ಯತ್ಯಾಸ ಇದೇ ತಾನೆ!

1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ನಮ್ಮದು ‘ದತ್ತ ಮಂಡಲ’ ಆಯಿತು. ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಪ್ರಧಾನ ಕಲೆಕ್ಟರ್. ಆಡಳಿತ ಅಂದ್ರೆ ಕುದುರೆ ಮತ್ತು ಡೇರೆ. ಊರೂರು ಸುತ್ತಿ ಜಮಾಬಂದಿ. ಗವರ್ನರ್ ಆದಮೇಲೂ ಅವನು 1827ರಲ್ಲಿ ತೀರಿಕೊಂಡದ್ದು ಪತ್ತಿಕೊಂಡದಲ್ಲಿ, ಪ್ರವಾಸದಲ್ಲಿದ್ದಾಗ, ಕಾಲರಾದಿಂದ. ಮುಂದೆ ಐಸಿಎಸ್‌ಗೆ ಕುದುರೆ ಸವಾರಿ ಪರೀಕ್ಷೆ ಕಡ್ಡಾಯ ಆಯಿತು. ಅರವಿಂದ ಘೋಷರು ಲಿಖಿತ ಪರೀಕ್ಷೆ ಪಾಸಾಗಿಯೂ ಸವಾರಿ ಪರೀಕ್ಷೆ ಮುಗಿಸದೆ ಆ ಕೆಲಸದಿಂದ ಹೊರಗುಳಿದದ್ದು ನಿಮಗೆ ಗೊತ್ತು. ಜಿಲ್ಲೆ ಆಳೋನಿಗೆ ಕುದುರೆ ಬರಲೇಬೇಕಿತ್ತು.

ದಾರಿ ಮಾಡಿದವರು ಯಾರು ಅನ್ನೋದನ್ನೂ ನೋಡಬೇಕು. 1876–78ರ ಬರ ಬಳ್ಳಾರಿ, ಅನಂತಪುರ ಸೀಮೆಯನ್ನು ಅರೆದುಹಾಕಿತು. ಬರ ಪರಿಹಾರದ ಕೆಲಸ ಅಂದ್ರೆ ಬಹುಪಾಲು ಜಲ್ಲಿ ಒಡೆಯೋದು, ಮಣ್ಣು ಹೊರೋದು, ರಸ್ತೆ ಹಾಕೋದು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಪುಡಿಗಾಸಿಗೆ ಇಳಿಸಿದ. ಒಂದು ಪೌಂಡ್ ಅಂದ್ರೆ ಅರ್ಧ ಕೆಜಿಗೂ ಕಡಿಮೆ. ಕಾಲ್ನಡಿಗೆಯಲ್ಲಿ ಬಂದು, ಹಸಿದು, ಕಲ್ಲು ಒಡೆದವರ ದಾರಿ ಇದು. ಆ ಜನರ ಹೆಸರು ಯಾವ ಮೈಲಿಗಲ್ಲಿನ ಮೇಲೂ ಇಲ್ಲ.

ಇನ್ನು ಕಾನೂನು. ಇದೇ ನನ್ನ ಪ್ರಬಂಧದ ನಡುಭಾಗ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. 1860ರ ಭಾರತೀಯ ದಂಡಸಂಹಿತೆಯ 279ನೇ ಕಲಂ ಸಾರ್ವಜನಿಕ ದಾರಿಯಲ್ಲಿ ಜೀವಕ್ಕೆ ಅಪಾಯ ಆಗುವ ಹಾಗೆ ವಾಹನ ಓಡಿಸುವವನನ್ನೂ ಸವಾರಿ ಮಾಡುವವನನ್ನೂ ಒಂದೇ ವಾಕ್ಯದಲ್ಲಿ ಹಿಡಿಯುತ್ತೆ. ಆರು ತಿಂಗಳವರೆಗೆ ಸಜೆ ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗ ಮೋಟಾರು ಇರಲಿಲ್ಲ. ಕಾನೂನಿನ ಕಣ್ಣಲ್ಲಿದ್ದದ್ದು ಸಾರೋಟು ಮತ್ತು ಕುದುರೆ. ಅಂದ್ರೆ 1860ರಲ್ಲಿ ಸವಾರ ಅಪಾಯ ತರೋನು. ಆ ವಾಕ್ಯ ಇವತ್ತಿಗೂ ಇದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಆಗಿ, ‘ಸವಾರಿ’ಯ ಸಮೇತ.

ಮೋಟಾರು ಬಂತು, ಲೆಕ್ಕ ತಿರುಗಿತು. ಇಂಗ್ಲೆಂಡಿನಲ್ಲಿ 1896ರ ನಿಯಮದಲ್ಲೇ ಬೆದರಿದ ಕುದುರೆಯವನು ಕೈ ಎತ್ತಿದರೆ ಮೋಟಾರು ನಿಲ್ಲಬೇಕಿತ್ತು. ನಮ್ಮಲ್ಲಿ 1914ರಲ್ಲಿ ಅಖಿಲ ಭಾರತ ಮೋಟಾರು ಕಾಯ್ದೆ ಬಂತು, ಆಮೇಲೆ 1939ರದ್ದು, ಈಗಿರೋದು 1988ರದ್ದು. 1988ರ ಕಾಯ್ದೆಯ 132ನೇ ಕಲಂ ತೆಗೆದು ನೋಡಿ. ಪ್ರಾಣಿಯನ್ನು ನೋಡಿಕೊಳ್ತಿರೋ ವ್ಯಕ್ತಿ, ಅದು ಈ ವಾಹನಕ್ಕೆ ಬೆದರಿ ಕೈಮೀರಬಹುದು ಅಂತ ಅಂಜಿ ನಿಲ್ಲಿಸು ಅಂದರೆ, ಚಾಲಕ ನಿಲ್ಲಿಸಲೇಬೇಕು. 1939ರ ಕಾಯ್ದೆಯಲ್ಲೂ ಇದು ಇತ್ತು. ಇಲ್ಲಿ ಸವಾರ ಅಪಾಯ ತರೋನಲ್ಲ, ಅಪಾಯದಲ್ಲಿರೋನು. ಕುದುರೆಗೆ ದಾರಿಯಲ್ಲಿ ಇದ್ದ ಯಜಮಾನಿಕೆ ಇಳಿದು ರಕ್ಷಣೆ ಬೇಡುವ ಸ್ಥಿತಿ ಬಂದದ್ದನ್ನು ಈ ಎರಡು ಕಲಂಗಳ ನಡುವೆ ಓದಬಹುದು. ವಿಚಿತ್ರ ಅಂದ್ರೆ ಎರಡೂ ಒಟ್ಟಿಗೇ ಜಾರಿಯಲ್ಲಿವೆ.

ನಮ್ಮ ಊರುಗಳಲ್ಲಿ ಆ ಇಳಿಕೆ ಜಟಕಾದಲ್ಲಿ ಕಾಣಿಸುತ್ತೆ. ಬಳ್ಳಾರಿಯಿಂದ ರಾಯದುರ್ಗಕ್ಕೆ ಮೀಟರ್ ಗೇಜ್ ರೈಲು ಬಂದಮೇಲೆ ಸ್ಟೇಷನ್ನಿಂದ ಪೇಟೆಗೆ ಜಟಕಾ. ಒಮ್ಮೆ ದಂಡಿನ ಮುಂದೆ ಓಡಿದ ಪ್ರಾಣಿ ಈಗ ಅಕ್ಕಿ ಮೂಟೆ, ಬಾಣಂತಿ, ಮದುವೆ ದಿಬ್ಬಣ ಎಳೀತಿತ್ತು. ಮಡಕಶಿರಾದವರಿಗೆ ರೈಲು ಅಂದ್ರೆ ಹಿಂದೂಪುರ. ಅವರ ರಸ್ತೆ ಕತೆ ಹಾಗಾಗಿ ಬಂಡಿ ಮತ್ತು ಬಸ್ಸಿನ ಕತೆ. ಸುಂಕದ ಗೇಟುಗಳಲ್ಲಿ ಬಂಡಿಯವನು ಕಾಸು ಕೊಡಬೇಕಿತ್ತು. 1931ರ ಮದ್ರಾಸ್ ಮೋಟಾರು ವಾಹನ ತೆರಿಗೆ ಕಾಯ್ದೆಯ ಜೊತೆ ಆ ಗೇಟುಗಳು ಹೋದವು. ಗೇಟು ಹೋದದ್ದು ಬಂಡಿಯವನಿಗೆ ಒಳ್ಳೇದೇ. ಆದರೆ ದಾರಿಯ ಖರ್ಚು ಈಗ ಮೋಟಾರಿನ ತೆರಿಗೆಗೆ ಅಂಟಿಕೊಂಡಿತು. ‘ನಾನು ಟ್ಯಾಕ್ಸ್ ಕಟ್ತೀನಿ, ದಾರಿ ನಂದು’ ಅನ್ನೋ ಮಾತಿಗೆ ಬೇರು ಇಲ್ಲೇ ಇರಬಹುದು ಅಂತ ನನ್ನ ಊಹೆ. ಕಬ್ಬಿಣದ ಪಟ್ಟಿಯ ಗಾಲಿ ರಸ್ತೆ ಕೊರೆಯುತ್ತೆ ಅನ್ನೋ ದೂರು ಬೇರೆ ಸೇರಿಕೊಂಡಿತು. ನೂರಾರು ವರ್ಷ ದಾರಿ ತುಳಿದ ಬಂಡಿಯೇ ತಪ್ಪಿತಸ್ಥ.

ಸೈಕಲ್ ಮೊದಮೊದಲು ಬಡವರದ್ದಲ್ಲ. ರ‍್ಯಾಲೆ, ಹಂಬರ್, ಬಿಎಸ್‌ಎ ಅಂತ ಇಂಗ್ಲೆಂಡಿನಿಂದ ಬರ್ತಿದ್ದವು. ಮೇಷ್ಟ್ರು, ವಕೀಲರು, ಶ್ಯಾನುಭೋಗರು ಇಟ್ಕೊಂಡಿದ್ರು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1950ರ ದಶಕದಲ್ಲಿ ಅಟ್ಲಾಸ್, ಹೀರೋ ಶುರುವಾದವು. ಆಮೇಲೆ ಹಾಲಿನವನಿಗೆ, ನೇಕಾರನಿಗೆ, ಕೂಲಿಯವನಿಗೆ ಸಿಕ್ಕಿತು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲಿನಲ್ಲಿ ಒಳಪೆಡಲು ಹೊಡೆದು ಕಲಿತವರು ಈ ಗೋಷ್ಠಿಯಲ್ಲೂ ಇದ್ದೀರಿ. ಹಿರಿಯರಿಗೆ ನೆನಪಿರೋ ಇನ್ನೊಂದು ವಿಷಯ: ಸೈಕಲ್ಲಿಗೂ ಲೈಸೆನ್ಸ್ ಬಿಲ್ಲೆ ಇತ್ತು, ರಾತ್ರಿ ದೀಪ ಇರಬೇಕಿತ್ತು, ಡಬಲ್ ರೈಡ್ ಹೋದರೆ ಪೊಲೀಸ್ ಹಿಡೀತಿದ್ದ. ಸೈಕಲ್ಲಿನ ಮೇಲೆ ಇಷ್ಟು ಕಣ್ಣಿಟ್ಟ ವ್ಯವಸ್ಥೆ ಅದರ ಪಕ್ಕದಲ್ಲಿ ಹೋಗೋ ಲಾರಿ ಎಷ್ಟು ದೂರ ಬಿಟ್ಟು ಹೋಗಬೇಕು ಅನ್ನೋದರ ಮೇಲೆ ಕಣ್ಣಿಡಲಿಲ್ಲ.

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕು. ಸಂಶೋಧನೆಗೆ ಇದು ಬೇಕಾ ಅಂತ ಮಾರ್ಗದರ್ಶಕರು ಕೇಳಿದ್ರು. ಬೇಕು ಅಂದೆ. ನಮ್ಮ ತಾತ ರಾಯದುರ್ಗದ ಸಂತೆಯಿಂದ ಸೈಕಲ್ಲಿನಲ್ಲಿ ವಾಪಸ್ ಬರ್ತಾ, ಕತ್ತಲಾದಮೇಲೆ, ಹಿಂದಿನಿಂದ ಬಂದ ಲಾರಿ ತಾಗಿ ಬಿದ್ರು. ಎರಡು ದಿನ ಬದುಕಿದ್ರು. ದೂರು ಬರೆಸೋಕೆ ಹೋದಾಗ ಹೇಳಿಕೆಯನ್ನು ತೆಲುಗಿನಲ್ಲಿ ಬರ್ಕೊಂಡ್ರು. ನಮ್ಮಪ್ಪನಿಗೆ ತೆಲುಗು ಮಾತಾಡೋಕೆ ಬರುತ್ತೆ, ಓದೋಕೆ ಬರೋದಿಲ್ಲ. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ರು. ವರ್ಷಗಳಾದ ಮೇಲೆ ನಾನು ಅದನ್ನು ಓದಿಸಿದಾಗ ಗೊತ್ತಾಯ್ತು, ಅದರಲ್ಲಿ ಒತ್ತಿ ಬರೆದಿದ್ದು ಒಂದೇ: ಸೈಕಲ್ಲಿಗೆ ದೀಪ ಇರಲಿಲ್ಲ. ದೀಪ ಇರಲಿಲ್ಲ ಅನ್ನೋದು ನಿಜ. ಡೈನಮೋ ಕೆಟ್ಟು ತಿಂಗಳಾಗಿತ್ತು. ಲಾರಿಗೆ ದೀಪ ಇತ್ತು, ಆ ಬೆಳಕಲ್ಲಿ ಮುಂದೆ ಹೋಗೋ ಮನುಷ್ಯ ಕಾಣಲಿಲ್ಲವಾ ಅನ್ನೋ ಪ್ರಶ್ನೆ ಆ ಹಾಳೆಯಲ್ಲಿ ಇಲ್ಲ. ನಾನು ಯಾರ ಮೇಲೂ ಕೇಸು ನಡೆಸ್ತಾ ಇಲ್ಲ. ದಾಖಲೆ ಏನನ್ನು ಕೇಳುತ್ತೆ, ಏನನ್ನು ಕೇಳೋದಿಲ್ಲ ಅನ್ನೋದನ್ನು ಹೇಳ್ತಾ ಇದ್ದೀನಿ.

ಈಗಿನ ಸ್ಥಿತಿ ಬೇಗ ಹೇಳಿ ಮುಗಿಸ್ತೀನಿ. ಹಿಂದೂಪುರದಿಂದ ಮಡಕಶಿರಾ ಮೇಲೆ ಸಿರಾಕ್ಕೆ ಹೋಗೋ ದಾರಿ ಈಗ ರಾಷ್ಟ್ರೀಯ ಹೆದ್ದಾರಿ. ಗಡಿಯ ಕರ್ನಾಟಕದ ಕಡೆ 2006–07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು. ಹಂಚಿದ್ದು ಸೈಕಲ್ಲು, ಅದು ಓಡೋ ಅಂಚನ್ನಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರು, ಸೈಕಲ್ಲು ಯಾವುದೂ ಹೋಗೋ ಹಾಗಿಲ್ಲ. ಸುರಕ್ಷತೆಯ ಹೆಸರಲ್ಲಿ ಸವಾರನನ್ನೇ ದಾರಿಯಿಂದ ತೆಗೆದದ್ದು. ಕಾರಣ ನನಗೆ ಅರ್ಥ ಆಗುತ್ತೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತೆ. ಅದರಲ್ಲಿ 32,825 ಜನ ನಡ್ಕೊಂಡು ಹೋಗ್ತಿದ್ದವರು. ಆದರೆ ಮಡಕಶಿರಾದಲ್ಲಿ ಆ ಒಂದೇ ದಾರಿ. ಸವಾರನನ್ನು ತೆಗೆದು ಎಲ್ಲಿಗೆ ಕಳಿಸೋದು?

ಚರ್ಚೆಯಿಂದ

ಒಬ್ಬ ಸಂಶೋಧನಾ ವಿದ್ಯಾರ್ಥಿನಿ: ಸರ್, ನಿಮ್ಮ ಸವಾರ ಬರೀ ಗಂಡಸು. ಹೆಣ್ಣುಮಕ್ಕಳು ಎಲ್ಲಿ?

ಉತ್ತರ: ಸರಿಯಾಗಿ ಹಿಡಿದ್ರಿ. ಜಟಕಾದಲ್ಲಿ ಅವರು ಪರದೆ ಹಿಂದೆ, ಸೈಕಲ್ಲಿನಲ್ಲಿ ಕ್ಯಾರಿಯರ್ ಮೇಲೆ, ಬರದ ಕೆಲಸದಲ್ಲಿ ಜಲ್ಲಿ ಬುಟ್ಟಿಯ ಕೆಳಗೆ. ಈಗ ರಾಯದುರ್ಗದ ಜೀನ್ಸ್ ಹೊಲಿಗೆ ಘಟಕಗಳಿಗೆ ಹೋಗೋ ಹೆಣ್ಣುಮಕ್ಕಳು ಸ್ಕೂಟಿ ಓಡಿಸ್ತಾರೆ. ಅಲ್ಲಿಂದ ಈ ಇತಿಹಾಸವನ್ನು ಹಿಂದಕ್ಕೆ ಬರೆದರೆ ಬೇರೆಯದೇ ಪ್ರಬಂಧ ಆಗುತ್ತೆ. ನಾನು ಬರೆದಿಲ್ಲ, ಅದು ಈ ಪ್ರಬಂಧದ ಕೊರತೆ.

ಒಬ್ಬ ಅಧ್ಯಾಪಕರು: 132ನೇ ಕಲಂ ಪುಸ್ತಕದಲ್ಲಿದೆ ಅಂದ್ರಿ. ಅದನ್ನು ಬಳಸೋರು ಯಾರಾದ್ರೂ ಇದ್ದಾರಾ? ಕುದುರೆಯೇ ಇಲ್ವಲ್ಲ.

ಉತ್ತರ: ಕುದುರೆ ಇಲ್ಲ, ಕುರಿ ಇದೆ. ಬೇಸಿಗೆಯಲ್ಲಿ ನಮ್ಮ ಕುರುಬರು ಹಿಂಡು ಹೊಡ್ಕೊಂಡು ಮೇವು ಹುಡುಕುತ್ತಾ ಹೆದ್ದಾರಿ ದಾಟ್ತಾರೆ, ಕತ್ತೆ ಮೇಲೆ ಮರಿ, ಪಾತ್ರೆ, ಕಂಬಳಿ. ಆ ಕಲಂ ಇವತ್ತು ಅವರದ್ದು. ರಾಯದುರ್ಗದ ಹತ್ತಿರ ಒಬ್ಬ ಹಿರಿಯರಿಗೆ ನಾನು ಇದನ್ನು ವಿವರಿಸಿದೆ: ಅಣ್ಣ, ನೀವು ಕೈ ಎತ್ತಿದ್ರೆ ಲಾರಿ ನಿಲ್ಲಿಸಬೇಕು ಅಂತ ಕಾಯ್ದೆ ಇದೆ. ಅವರು ನಕ್ಕು, ‘ಕಾಯ್ದೆ ಐತೇನಪ್ಪ? ಲಾರಿಯವನಿಗೆ ಹೇಳಿದೀಯಾ?’ ಅಂದ್ರು. ಆಮೇಲೆ ತಮ್ಮ ಕತ್ತೆಯ ಕೊರಳು ತೋರಿಸಿದ್ರು. ಹಳೇ ಸೈಕಲ್ಲಿನ ಹಿಂದಿನ ಕೆಂಪು ರಿಫ್ಲೆಕ್ಟರನ್ನು ದಾರದಲ್ಲಿ ಕಟ್ಟಿದ್ರು.

ಕೊನೆಗೆ ಒಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಹಳೆಯ ಸೈಕಲ್ ಲೈಸೆನ್ಸ್ ಬಿಲ್ಲೆಯೋ ಜಟಕಾ ಬಾಡಿಗೆ ಚೀಟಿಯೋ ಇದ್ದರೆ ಫೋಟೋ ತೆಗೆದು ಕಳಿಸಿ, ಊರು ಮತ್ತು ಇಸವಿ ಬರೆದು. 1953ಕ್ಕೆ ಮೊದಲಿನ ರಾಯದುರ್ಗದ್ದು ಒಂದೂ ನನಗೆ ಸಿಕ್ಕಿಲ್ಲ.